ಹನ್ನೆರಡು ವೋಲ್ಟು ಎಲ್ಲಿ ಹೋಯಿತು?

ಒಂದು ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಟಿಪ್ಪಣಿ ಪುಸ್ತಕವನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದಳು. “ಸಾರ್, ಪವರ್ ಸಪ್ಲೈ ಕೆಟ್ಟಿದೆ. ಇಲ್ಲವಾದರೆ ಮೀಟರು ಕೆಟ್ಟಿದೆ. ಎರಡೂ ಸರಿಯಾಗಿದ್ದರೆ ಕಿರ್ಕಾಫನ ನಿಯಮವೇ ತಪ್ಪಿರಬೇಕು” ಎಂದಳು.

ಪವರ್ ಸಪ್ಲೈ ಎಂಬುದು ಗೋಡೆಯ ೨೩೦ ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ತೆಗೆದುಕೊಂಡು, ಪ್ರಯೋಗಕ್ಕೆ ಬೇಕಾದ ಕೆಲವೇ ವೋಲ್ಟುಗಳ ಏಕಮುಖ ವಿದ್ಯುತ್ತನ್ನು ಕೊಡುವ ಪೆಟ್ಟಿಗೆ. ಅವಳ ಮೇಜಿನ ಮೇಲಿದ್ದುದಕ್ಕೆ ಮೂರು ಟರ್ಮಿನಲ್ಲುಗಳಿದ್ದವು: ಕೆಂಪು ಬಣ್ಣದ್ದು ಧನ, ಕಪ್ಪು ಬಣ್ಣದ್ದು ಋಣ, ಹಸಿರು ಬಣ್ಣದ್ದು ಭೂಮಿ. ಡಿಜಿಟಲ್ ಮಲ್ಟಿಮೀಟರಿನಿಂದ ಅವಳು ಮೂರು ಅಳತೆಗಳನ್ನು ತೆಗೆದಿದ್ದಳು. ಕೆಂಪಿಗೂ ಕಪ್ಪಿಗೂ ನಡುವೆ ೧೨ ವೋಲ್ಟು. ಕೆಂಪಿಗೂ ಹಸಿರಿಗೂ ನಡುವೆ ಸೊನ್ನೆ. ಹಸಿರಿಗೂ ಕಪ್ಪಿಗೂ ನಡುವೆಯೂ ಸೊನ್ನೆ. ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ಕಪ್ಪಿಗೆ ಹೋದರೆ ಕೆಂಪಿನಿಂದ ಕಪ್ಪಿಗೆ ಹೋದಂತೆಯೇ ಆಯಿತಷ್ಟೆ. ಹಾಗಾದರೆ ಸೊನ್ನೆಗೆ ಸೊನ್ನೆ ಕೂಡಿದರೆ ಹನ್ನೆರಡಾಗುವುದು ಹೇಗೆ?

ಪವರ್ ಸಪ್ಲೈ ಕೆಟ್ಟಿರಲಿಲ್ಲ, ಮೀಟರೂ ಕೆಟ್ಟಿರಲಿಲ್ಲ, ಕಿರ್ಕಾಫನ ನಿಯಮಕ್ಕೆ ಯಾವ ಧಕ್ಕೆಯೂ ಬಂದಿರಲಿಲ್ಲ. ಆದರೂ ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿರಲಿಲ್ಲ. ಇದರ ಉತ್ತರವನ್ನು ಅರಿಯದೆ ಉಪಕರಣಗಳನ್ನು ಕೆಡಿಸಿದವರುಂಟು. ಪ್ರಾಣಕ್ಕೇ ಅಪಾಯ ತಂದುಕೊಂಡವರೂ ಉಂಟು. ಆದ್ದರಿಂದ ಈ ವಿಷಯವನ್ನು ಮೊದಲಿನಿಂದ ನೋಡೋಣ.

ಹರಿಗೋಲು ಮತ್ತು ಏಣಿ

ವೋಲ್ಟೇಜೆಂಬುದು ಒಂದು ಬಿಂದುವಿನ ಗುಣವಲ್ಲ. ಎರಡು ಬಿಂದುಗಳ ನಡುವಣ ವ್ಯತ್ಯಾಸ. ಇದನ್ನು ನಾವೆಲ್ಲರೂ ಪಾಠದಲ್ಲಿ ಓದಿದ್ದೇವೆ. ಪ್ರಯೋಗಶಾಲೆಗೆ ಕಾಲಿಟ್ಟೊಡನೆ ಮರೆಯುತ್ತೇವೆ. “ಈ ಬಿಂದುವಿನಲ್ಲಿ ೫ ವೋಲ್ಟು ಇದೆ” ಎನ್ನುವಾಗ, ಯಾವುದಕ್ಕೆ ಹೋಲಿಸಿದರೆ ಎಂಬ ಮಾತು ಬಾಯಲ್ಲಿಯೇ ಉಳಿದಿರುತ್ತದೆ.

ನದಿಯ ಮೇಲೆ ಒಂದು ಹರಿಗೋಲು ತೇಲುತ್ತಿದೆ. ಅದರಲ್ಲಿ ಹನ್ನೆರಡು ಅಡಿ ಎತ್ತರದ ಏಣಿಯೊಂದನ್ನು ನಿಲ್ಲಿಸಿದೆ ಎಂದು ಭಾವಿಸೋಣ. ನೀರು ಏರಲಿ, ಇಳಿಯಲಿ, ಏಣಿಯ ಬುಡಕ್ಕೂ ತುದಿಗೂ ನಡುವಣ ಅಂತರ ಹನ್ನೆರಡಡಿಯೇ. ಆದರೆ ದಡದ ಬಂಡೆಯಿಂದ ಅಳೆದರೆ ಏಣಿಯ ತುದಿ ಎಷ್ಟು ಎತ್ತರದಲ್ಲಿದೆ? ಇದಕ್ಕೆ ನಿಶ್ಚಿತವಾದ ಉತ್ತರವಿಲ್ಲ. ಹರಿಗೋಲನ್ನು ದಡಕ್ಕೆ ಕಟ್ಟಿಲ್ಲ, ಅದು ತೇಲುತ್ತಿದೆ.

ಪವರ್ ಸಪ್ಲೈಯ ಕೆಂಪು ಮತ್ತು ಕಪ್ಪು ಟರ್ಮಿನಲ್ಲುಗಳು ಈ ಏಣಿಯ ತುದಿ ಮತ್ತು ಬುಡ. ಹಸಿರು ಟರ್ಮಿನಲ್ಲೇ ದಡ. ಕೆಂಪಾಗಲಿ ಕಪ್ಪಾಗಲಿ ಹಸಿರಿಗೆ ಸೇರಿರದಿದ್ದರೆ ಅಂಥ ಔಟ್‌ಪುಟ್ಟನ್ನು ‘ತೇಲುವ ಔಟ್‌ಪುಟ್’ ಎನ್ನುತ್ತಾರೆ. ಇದು ದೋಷವಲ್ಲ, ತಯಾರಕರು ಬೇಕೆಂದೇ ಕೊಟ್ಟಿರುವ ಸೌಕರ್ಯ. ದಡ ಯಾವುದೆಂಬುದನ್ನು ಪ್ರಯೋಗ ಮಾಡುವವನೇ ನಿರ್ಧರಿಸಲೆಂದು ಅದನ್ನು ಕಟ್ಟದೆ ಬಿಟ್ಟಿದ್ದಾರೆ.

ಈಗ ವಿದ್ಯಾರ್ಥಿನಿಯ ಅಳತೆಗಳನ್ನು ಮತ್ತೊಮ್ಮೆ ನೋಡೋಣ. ವೋಲ್ಟ್ ಮೀಟರು ಅಂಕಿಯನ್ನು ತೋರಿಸಬೇಕಾದರೆ ಅದರ ಮೂಲಕ ಅತ್ಯಲ್ಪವಾದರೂ ಪ್ರವಾಹ ಹರಿಯಬೇಕು. ಪ್ರವಾಹ ಹರಿಯಬೇಕಾದರೆ ಮಂಡಲ ಪೂರ್ಣವಾಗಬೇಕು. ಕೆಂಪಿನಿಂದ ಮೀಟರಿನ ಮೂಲಕ ಹಸಿರಿಗೆ ಬಂದ ಪ್ರವಾಹಕ್ಕೆ ಕಪ್ಪಿಗೆ ಮರಳಲು ದಾರಿಯೇ ಇಲ್ಲ. ಆದ್ದರಿಂದ ಮೀಟರು ಸೊನ್ನೆಯನ್ನು ತೋರಿಸಿತು. ಇದರ ಅರ್ಥವೇನು? ಮೀಟರು ಕೆಂಪು ಟರ್ಮಿನಲ್ಲನ್ನು ಭೂಮಿಯ ಮಟ್ಟಕ್ಕೆ ಎಳೆದು ನಿಲ್ಲಿಸಿತು. ಕಪ್ಪು ಟರ್ಮಿನಲ್ಲು ಆಗ ಭೂಮಿಗಿಂತ ೧೨ ವೋಲ್ಟು ಕೆಳಗೆ ಹೋಯಿತು. ಎರಡನೆಯ ಅಳತೆಯಲ್ಲಿ ಮೀಟರು ಕಪ್ಪನ್ನು ಭೂಮಿಯ ಮಟ್ಟಕ್ಕೆ ತಂದಿತು. ಕೆಂಪು ಭೂಮಿಗಿಂತ ೧೨ ವೋಲ್ಟು ಮೇಲಕ್ಕೆ ಏರಿತು. ದಡದಲ್ಲಿ ನಿಂತವನು ಒಮ್ಮೆ ಏಣಿಯ ತುದಿಯನ್ನೂ, ಇನ್ನೊಮ್ಮೆ ಬುಡವನ್ನೂ ಹಿಡಿದು ತನ್ನ ಮಟ್ಟಕ್ಕೆ ಎಳೆದುಕೊಂಡಂತೆ ಇದು. ಏಣಿ ಕುಗ್ಗಲಿಲ್ಲ, ಹರಿಗೋಲು ಏರಿಳಿಯಿತು. ಅವಳು ಕೂಡಿದ್ದು ಎರಡು ಬೇರೆ ಬೇರೆ ಸ್ಥಿತಿಗಳಲ್ಲಿ ತೆಗೆದ ಅಳತೆಗಳನ್ನು. ಕಿರ್ಕಾಫನ ನಿಯಮವಾದರೋ ಒಂದೇ ಕ್ಷಣದಲ್ಲಿರುವ ವೋಲ್ಟೇಜುಗಳಿಗೆ ಅನ್ವಯಿಸುತ್ತದೆ.

ಇದು ನಿಜವೇ ಎಂದು ಪರೀಕ್ಷಿಸುವುದು ಸುಲಭ. “ಇನ್ನೊಂದು ಮೀಟರನ್ನು ತಾರಮ್ಮ, ಎರಡನ್ನೂ ಒಟ್ಟಿಗೆ ಜೋಡಿಸಿ ನೋಡು” ಎಂದೆವು. ಕೆಂಪಿಗೂ ಹಸಿರಿಗೂ ಒಂದು, ಹಸಿರಿಗೂ ಕಪ್ಪಿಗೂ ಇನ್ನೊಂದು. ಎರಡೂ ಸುಮಾರು ೬ ವೋಲ್ಟನ್ನು ತೋರಿಸಿದವು. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ೧೦ ಮೆಗಾಓಮ್, ಎಂದರೆ ಒಂದು ಕೋಟಿ ಓಮ್. ಸಮನಾದ ಎರಡು ರೋಧಗಳು ಸಾಲಾಗಿ ಸೇರಿದಾಗ ೧೨ ವೋಲ್ಟು ಅವುಗಳ ನಡುವೆ ಸಮನಾಗಿ ಹಂಚಿಹೋಯಿತು. ಆರಕ್ಕೆ ಆರು ಕೂಡಿದರೆ ಹನ್ನೆರಡು. ಅವಳ ಮುಖ ಅರಳಿತು, ಕಿರ್ಕಾಫನೂ ಉಳಿದುಕೊಂಡನು. ವಾಚಕರು ೯ ವೋಲ್ಟಿನ ಬ್ಯಾಟರಿಯೊಂದಿಗೂ ಇದನ್ನು ಮಾಡಿ ನೋಡಬಹುದು; ಆಗ ಎರಡು ಮೀಟರುಗಳೂ ನಾಲ್ಕೂವರೆಯನ್ನು ತೋರಿಸುತ್ತವೆ. ಭೂಮಿಯ ಸಂಪರ್ಕಕ್ಕೆ ಪ್ರಯೋಗಶಾಲೆಯ ಹಸಿರು ಟರ್ಮಿನಲ್ಲನ್ನೇ ಬಳಸಬೇಕು. ಗೋಡೆಯ ಸಾಕೆಟ್ಟಿನೊಳಗೆ ತಂತಿಯನ್ನು ತೂರಿಸಲೇಬಾರದು.

ಹುಸಿ ವೋಲ್ಟೇಜು

ಗೋಡೆಯ ವಿದ್ಯುತ್ತಿನಿಂದ ನಡೆಯುವ ಪೆಟ್ಟಿಗೆ ಬ್ಯಾಟರಿಯಂತೆ ತೇಲುವುದು ಹೇಗೆ? ಇದಕ್ಕೆ ಕಾರಣ ಅದರೊಳಗಿನ ಟ್ರಾನ್ಸ್‌ಫಾರ್ಮರು. ೧೮೩೧ರ ಆಗಸ್ಟ್ ೨೯ರಂದು ಮೈಕೆಲ್ ಫ್ಯಾರಡೆಯು ಕಬ್ಬಿಣದ ಬಳೆಯೊಂದಕ್ಕೆ ಎರಡು ಪ್ರತ್ಯೇಕ ಸುರುಳಿಗಳನ್ನು ಸುತ್ತಿ, ಒಂದರಲ್ಲಿ ಪ್ರವಾಹವನ್ನು ಹರಿಸಿದಾಗಲೂ ನಿಲ್ಲಿಸಿದಾಗಲೂ ಇನ್ನೊಂದರಲ್ಲಿ ಕ್ಷಣಕಾಲ ಪ್ರವಾಹ ಹುಟ್ಟುವುದನ್ನು ಕಂಡನು. ಸುರುಳಿಗಳು ಒಂದನ್ನೊಂದು ಮುಟ್ಟಿರಲಿಲ್ಲ. ಅವುಗಳ ನಡುವಿನ ಸೇತುವೆ ಕಾಂತಕ್ಷೇತ್ರವೊಂದೇ. ಇಂದಿನ ಪವರ್ ಸಪ್ಲೈಯಲ್ಲಿಯೂ ಗೋಡೆಯ ಕಡೆಯ ಸುರುಳಿಗೂ ಔಟ್‌ಪುಟ್ ಕಡೆಯ ಸುರುಳಿಗೂ ತಂತಿಯ ಸಂಬಂಧವಿಲ್ಲ. ಶಕ್ತಿ ದಾಟುತ್ತದೆ, ತಂತಿ ದಾಟುವುದಿಲ್ಲ. ಹೀಗಾಗಿ ಔಟ್‌ಪುಟ್ ತೇಲುತ್ತದೆ.

ಆದರೆ ಈ ಬೇರ್ಪಡೆ ಪರಿಪೂರ್ಣವಲ್ಲ. ಅವಾಹಕದಿಂದ ಬೇರ್ಪಟ್ಟ ಎರಡು ವಾಹಕಗಳು ಎಲ್ಲಿದ್ದರೂ ಅವು ಒಂದು ಕೆಪ್ಯಾಸಿಟರಾಗುತ್ತವೆ. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವೆಯೂ ಇಂಥ ಬೇಡದ ಕೆಪ್ಯಾಸಿಟರೊಂದು ಅಡಗಿರುತ್ತದೆ. ಅದರ ಬೆಲೆ ೧೦೦ ಪಿಕೊಫ್ಯಾರಡ್ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ ೫೦ ಆವರ್ತಗಳ ಪರ್ಯಾಯ ಪ್ರವಾಹಕ್ಕೆ ಇದು ಒಡ್ಡುವ ಅಡ್ಡಿ ಸುಮಾರು ೩.೨ ಕೋಟಿ ಓಮ್. ಈಗ ಮಲ್ಟಿಮೀಟರನ್ನು ಪರ್ಯಾಯ ವೋಲ್ಟೇಜಿನ ಸ್ಥಾನಕ್ಕೆ ತಿರುಗಿಸಿ ಕಪ್ಪಿಗೂ ಹಸಿರಿಗೂ ನಡುವೆ ಹಿಡಿದರೆ, ಮೀಟರಿನ ಒಂದು ಕೋಟಿ ಓಮ್ ಈ ಅಡ್ಡಿಯೊಡನೆ ಸಾಲಾಗಿ ಸೇರುತ್ತದೆ. ಕೆಪ್ಯಾಸಿಟರಿನ ಅಡ್ಡಿಯೂ ರೋಧವೂ ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ಕೂಡುವುದರಿಂದ ಒಟ್ಟು ಸುಮಾರು ೩.೩ ಕೋಟಿ ಓಮ್ ಆಗುತ್ತದೆ. ೨೩೦ ವೋಲ್ಟಿನಲ್ಲಿ ಮೀಟರಿನ ಪಾಲು ಸುಮಾರು ೭೦ ವೋಲ್ಟು!

೧೨ ವೋಲ್ಟಿನ ಪೆಟ್ಟಿಗೆಯಲ್ಲಿ ೭೦ ವೋಲ್ಟನ್ನು ಕಂಡವನು ಬೆಚ್ಚಿಬೀಳುವುದು ಸಹಜ. ಆದರೆ ಇಲ್ಲಿ ಹರಿಯುವ ಪ್ರವಾಹ ಕೇವಲ ೭ ಮೈಕ್ರೊಆಂಪಿಯರ್. ಹಳೆಯ ಮುಳ್ಳಿನ ಮಲ್ಟಿಮೀಟರಿದ್ದರೆ ಈ ಗಾಬರಿಯೇ ಇರುತ್ತಿರಲಿಲ್ಲ. ಪರ್ಯಾಯ ವೋಲ್ಟೇಜಿನ ಅಳತೆಯಲ್ಲಿ ಪ್ರತಿ ವೋಲ್ಟಿಗೆ ೧೦೦೦ ಓಮ್ ರೋಧವುಳ್ಳ ಮೀಟರನ್ನು ೨೫೦ ವೋಲ್ಟಿನ ಸ್ಥಾನದಲ್ಲಿಟ್ಟರೆ ಅದರ ಒಳರೋಧ ಎರಡೂವರೆ ಲಕ್ಷ ಓಮ್. ಅದೇ ಜಾಗದಲ್ಲಿ ಅದು ತೋರಿಸುವುದು ೨ ವೋಲ್ಟಿಗಿಂತ ಕಡಮೆ. ಒಂದು ಮೀಟರು ೭೦ ಎನ್ನುತ್ತದೆ, ಇನ್ನೊಂದು ೨ ಎನ್ನುತ್ತದೆ. ಎರಡೂ ಸತ್ಯವನ್ನೇ ಹೇಳುತ್ತಿವೆ. ಅಳೆಯುವ ಮೀಟರನ್ನು ಬದಲಿಸಿದೊಡನೆ ಬದಲಾಗುವ ಇಂಥ ವೋಲ್ಟೇಜನ್ನು ‘ಹುಸಿ ವೋಲ್ಟೇಜು’ ಎನ್ನಬಹುದು.

ಹುಸಿಯೋ ನಿಜವೋ ಎಂದು ತಿಳಿಯುವ ಬಗೆ ಹೀಗೆ. ವಿದ್ಯುತ್ತನ್ನು ಆರಿಸಿ, ಕಪ್ಪಿಗೂ ಹಸಿರಿಗೂ ನಡುವೆ ಒಂದು ಲಕ್ಷ ಓಮಿನ ರೋಧಕವನ್ನು ಜೋಡಿಸಿ, ಮೀಟರನ್ನು ಅದಕ್ಕೆ ಅಡ್ಡಲಾಗಿ ಸೇರಿಸಿ, ಕೈತೆಗೆದ ಮೇಲೆಯೇ ವಿದ್ಯುತ್ತನ್ನು ಹಾಕಬೇಕು. ನಮ್ಮ ಉದಾಹರಣೆಯಲ್ಲಿ ೭೦ ವೋಲ್ಟು ಮುಕ್ಕಾಲು ವೋಲ್ಟಿಗೆ ಕುಸಿಯುತ್ತದೆ. ಹಾಗೆ ಕುಸಿದರೆ ಅದು ಹುಸಿ. ಕುಸಿಯದೆ ನಿಂತರೆ ಟ್ರಾನ್ಸ್‌ಫಾರ್ಮರಿನ ಅವಾಹಕ ಕೆಟ್ಟಿದೆ, ಗೋಡೆಯ ವಿದ್ಯುತ್ತು ಒಳಕ್ಕೆ ನುಗ್ಗಿದೆ ಎಂದು ತಿಳಿದು, ಒಡನೆಯೇ ಆರಿಸಿ, ಆ ಪೆಟ್ಟಿಗೆಯನ್ನು ಬದಿಗಿರಿಸಬೇಕು. ಪೂರ್ತಿ ೨೩೦ ವೋಲ್ಟು ಬಿದ್ದರೆ ಆ ರೋಧಕದಲ್ಲಿ ಅರ್ಧ ವ್ಯಾಟಿಗಿಂತ ಸ್ವಲ್ಪ ಹೆಚ್ಚು ಶಾಖ ಹುಟ್ಟುವುದರಿಂದ ೨ ವ್ಯಾಟಿನ ರೋಧಕವೇ ಇರಲಿ. ಈ ಪರೀಕ್ಷೆಯನ್ನು ಅಧ್ಯಾಪಕರು ಜೊತೆಯಲ್ಲಿದ್ದಾಗ ಮಾತ್ರ ಮಾಡತಕ್ಕದ್ದು.

ಎರಡು ಕಡೆ ಕಟ್ಟಿದ ಹಗ್ಗ

ತೇಲುವುದನ್ನು ದಡಕ್ಕೆ ಕಟ್ಟಿದರೆ ಈ ತೊಂದರೆಗಳೆಲ್ಲ ನಿಲ್ಲುತ್ತವೆ. ಅನೇಕ ಪವರ್ ಸಪ್ಲೈಗಳಲ್ಲಿ ಕಪ್ಪನ್ನು ಹಸಿರಿಗೆ ಸೇರಿಸಲು ಸಣ್ಣದೊಂದು ಲೋಹದ ಪಟ್ಟಿ ಇರುತ್ತದೆ. ಒಂದು ಕಡೆ ಕಟ್ಟಿದರೆ ಸರಿ. ತಿಳಿಯದೆ ಎರಡು ಕಡೆ ಕಟ್ಟಿದರೆ ಹೊಸ ತೊಂದರೆ ಹುಟ್ಟುತ್ತದೆ.

ಆಪರೇಷನಲ್ ಆಂಪ್ಲಿಫೈಯರನ್ನು ನಡೆಸಲು ಧನ ೧೨ ಮತ್ತು ಋಣ ೧೨ ವೋಲ್ಟುಗಳೆರಡೂ ಬೇಕಾಗಿ ವಿದ್ಯಾರ್ಥಿಯೊಬ್ಬನು ಎರಡು ಪವರ್ ಸಪ್ಲೈಗಳನ್ನು ತರುತ್ತಾನೆ. ಮೊದಲನೆಯದರ ಕಪ್ಪನ್ನು ಎರಡನೆಯದರ ಕೆಂಪಿಗೆ ಸೇರಿಸಿ, ಆ ಸಂಧಿಯನ್ನು ಸೊನ್ನೆ ಎಂದು ಕರೆಯುತ್ತಾನೆ. ವಿದ್ಯುತ್ತನ್ನು ಹಾಕಿದೊಡನೆ ಎರಡನೆಯ ಪೆಟ್ಟಿಗೆಯ ಅಂಕಿ ಸೊನ್ನೆಗೆ ಇಳಿದು, ಪ್ರವಾಹ ಮಿತಿಮೀರಿದ ದೀಪ ಹೊತ್ತಿಕೊಳ್ಳುತ್ತದೆ. ಪೆಟ್ಟಿಗೆ ಕೆಟ್ಟಿತೆಂದು ಅವನು ಇನ್ನೊಂದನ್ನು ತಂದರೂ ಅದೇ ಕಥೆ. ಕಾರಣ ಇಷ್ಟೆ: ಎರಡೂ ಪೆಟ್ಟಿಗೆಗಳಲ್ಲಿ ಕಪ್ಪನ್ನೂ ಹಸಿರನ್ನೂ ಬೆಸೆಯುವ ಪಟ್ಟಿ ಹಾಗೆಯೇ ಇತ್ತು. ಮೊದಲನೆಯದರ ಕಪ್ಪಿನ ಮೂಲಕ ಎರಡನೆಯದರ ಕೆಂಪು ಭೂಮಿಗೆ ಸೇರಿತು. ಅದರ ಕಪ್ಪು ಮೊದಲೇ ಭೂಮಿಗೆ ಸೇರಿದೆ. ಹೀಗೆ ಎರಡನೆಯ ಪೆಟ್ಟಿಗೆಯ ಎರಡು ತುದಿಗಳೂ ಭೂಮಿಯ ಮೂಲಕ ಒಂದಾದವು. ಎರಡನೆಯದರ ಪಟ್ಟಿಯನ್ನು ಬಿಚ್ಚಿದರೆ ರೋಗ ವಾಸಿಯಾಗುತ್ತದೆ.

ಆಸಿಲೋಸ್ಕೋಪಿನ ಗುಟ್ಟು ಇನ್ನೂ ಸೂಕ್ಷ್ಮವಾದುದು. ಅದರ ಪ್ರೋಬಿನಲ್ಲಿ ಮೊನೆಯೊಂದು, ಮೊಸಳೆ ಬಾಯಿಯ ಕ್ಲಿಪ್ಪೊಂದು ಇರುತ್ತವೆ. ಮೀಟರಿನ ಎರಡು ತಂತಿಗಳಂತೆ ಇವನ್ನೂ ಎಲ್ಲಿಗೆ ಬೇಕಾದರೂ ಸಿಕ್ಕಿಸಬಹುದೆಂದು ಹೊಸಬರು ನಂಬುತ್ತಾರೆ. ಆದರೆ ಗೋಡೆಯ ವಿದ್ಯುತ್ತಿನಿಂದ ನಡೆಯುವ ಸಾಮಾನ್ಯ ಆಸಿಲೋಸ್ಕೋಪಿನಲ್ಲಿ ಕ್ಲಿಪ್ಪು ಲೋಹದ ಪೆಟ್ಟಿಗೆಗೂ, ಅಲ್ಲಿಂದ ಪ್ಲಗ್ಗಿನ ದಪ್ಪನೆಯ ಪಿನ್ನಿನ ಮೂಲಕ ಭೂಮಿಗೂ ಸೇರಿರುತ್ತದೆ. ಕ್ಲಿಪ್ಪನ್ನು ಸಿಕ್ಕಿಸಿದ ಬಿಂದು ಭೂಮಿಗೆ ಸೇರಿತೆಂದೇ ಅರ್ಥ.

ವೀಟ್‌ಸ್ಟನ್ ಸೇತುವೆಯನ್ನು ತೆಗೆದುಕೊಳ್ಳೋಣ. ೧೮೩೩ರಲ್ಲಿ ಕ್ರಿಸ್ಟಿ ಎಂಬಾತನು ವಿವರಿಸಿ, ೧೮೪೩ರಲ್ಲಿ ವೀಟ್‌ಸ್ಟನ್ ಪ್ರಸಿದ್ಧಿಗೆ ತಂದ ಈ ಮಂಡಲದಲ್ಲಿ ಅಳೆಯಬೇಕಾದುದು ನಡುವಿನ ಎರಡು ಬಿಂದುಗಳ ವ್ಯತ್ಯಾಸವನ್ನು. ನಾಲ್ಕು ಬಾಹುಗಳೂ ೧೦೦೦ ಓಮ್, ಪವರ್ ಸಪ್ಲೈ ೧೦ ವೋಲ್ಟು, ಅದರ ಕಪ್ಪು ಭೂಮಿಗೆ ಸೇರಿದೆ ಎನ್ನೋಣ. ಸೇತುವೆ ಸಮತೋಲದಲ್ಲಿದೆ, ನಡುಬಿಂದುಗಳೆರಡೂ ೫ ವೋಲ್ಟಿನಲ್ಲಿವೆ, ವ್ಯತ್ಯಾಸ ಸೊನ್ನೆ. ಈಗ ಪ್ರೋಬಿನ ಮೊನೆಯನ್ನು ಒಂದು ನಡುಬಿಂದುವಿಗೂ ಕ್ಲಿಪ್ಪನ್ನು ಇನ್ನೊಂದಕ್ಕೂ ಸಿಕ್ಕಿಸಿದರೆ, ಕ್ಲಿಪ್ಪು ಸಿಕ್ಕಿಸಿದ ಬಿಂದು ಭೂಮಿಗೆ ಬೀಳುತ್ತದೆ. ಅದರ ಕೆಳಗಿನ ಬಾಹು ಇದ್ದೂ ಇಲ್ಲದಂತಾಗುತ್ತದೆ. ಆಸಿಲೋಸ್ಕೋಪು ೫ ವೋಲ್ಟನ್ನು ತೋರಿಸುತ್ತದೆ! ಉಪಕರಣಗಳೆಲ್ಲ ಸರಿಯಾಗಿವೆ, ಅಳತೆ ಮಾತ್ರ ಸುಳ್ಳು. ಪವರ್ ಸಪ್ಲೈಯ ಪಟ್ಟಿಯನ್ನು ಬಿಚ್ಚಿ ಅದನ್ನು ತೇಲಲು ಬಿಟ್ಟರೆ ಭೂಮಿಯ ಗಂಟು ಒಂದೇ ಉಳಿಯುತ್ತದೆ. ಅಳತೆ ಸೊನ್ನೆಗೆ ಬರುತ್ತದೆ.

ಪ್ರಾಣಕ್ಕೆ ಸಂಬಂಧಿಸಿದ ಮಾತು

೧೦ ವೋಲ್ಟಿನ ಸೇತುವೆಯಲ್ಲಿ ತಪ್ಪಿದರೆ ಅಂಕಿ ತಪ್ಪುತ್ತದೆ, ಅಷ್ಟೆ. ಆದರೆ ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು ಮುಂತಾದವುಗಳಲ್ಲಿ ಗೋಡೆಯ ವಿದ್ಯುತ್ತು ಟ್ರಾನ್ಸ್‌ಫಾರ್ಮರನ್ನು ದಾಟುವ ಮೊದಲೇ ಡಯೋಡುಗಳ ಮೂಲಕ ಹಾದು ಏಕಮುಖವಾಗುತ್ತದೆ. ಆ ಭಾಗದ ಋಣ ತುದಿ ನೋಡುವುದಕ್ಕೆ ‘ಸೊನ್ನೆ’ಯಂತಿರುತ್ತದೆ. ಆದರೆ ಅದಕ್ಕೂ ಫೇಸ್ ತಂತಿಗೂ ನಡುವೆ ಇರುವುದು ಒಂದೇ ಒಂದು ಡಯೋಡು. ನಮ್ಮ ಮನೆಗಳಿಗೆ ಬರುವ ನ್ಯೂಟ್ರಲ್ ತಂತಿ ಬೀದಿಯ ಟ್ರಾನ್ಸ್‌ಫಾರ್ಮರಿನ ಬಳಿ ಭೂಮಿಗೆ ಸೇರಿರುತ್ತದೆ. ಆದ್ದರಿಂದ ಆ ಋಣ ತುದಿಗೆ ಆಸಿಲೋಸ್ಕೋಪಿನ ಕ್ಲಿಪ್ಪನ್ನು ಸಿಕ್ಕಿಸಿದರೆ ಫೇಸ್, ಡಯೋಡು, ಕ್ಲಿಪ್ಪು, ಭೂಮಿ, ನ್ಯೂಟ್ರಲ್ ಎಂದು ಮಂಡಲ ಪೂರ್ಣವಾಗಿ, ಢಮ್ಮೆಂಬ ಸದ್ದಿನೊಡನೆ ಕಿಡಿ ಹಾರುತ್ತದೆ.

ಇದನ್ನು ಒಮ್ಮೆ ಅನುಭವಿಸಿದವರು ಕಂಡುಕೊಳ್ಳುವ ‘ಉಪಾಯ’ವೇ ಎಲ್ಲಕ್ಕಿಂತ ಅಪಾಯಕರವಾದುದು. ಕೆಲವು ವರ್ಷಗಳ ಹಿಂದೆ ಪ್ರಯೋಗಶಾಲೆಯೊಂದರಲ್ಲಿ ವಿದ್ಯಾರ್ಥಿಗಳು, ಆಸಿಲೋಸ್ಕೋಪಿನ ಗುಂಡಿಗಳನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತದೆ ಎಂದು ದೂರಿದರು. ಪ್ಲಗ್ಗನ್ನು ಬಿಚ್ಚಿ ನೋಡಿದೆವು. ಭೂಮಿಯ ಹಸಿರು ತಂತಿಯನ್ನು ಯಾರೋ ಕತ್ತರಿಸಿ, ಅಂಟುಪಟ್ಟಿಯನ್ನು ಸುತ್ತಿ, ಅಂದವಾಗಿ ಮುಚ್ಚಿದ್ದರು. ಆಸಿಲೋಸ್ಕೋಪನ್ನೇ ತೇಲಿಸಿಬಿಟ್ಟರೆ ಕಿಡಿ ಹಾರುವುದಿಲ್ಲವೆಂಬುದು ಅವರ ಲೆಕ್ಕಾಚಾರ.

ಕಿಡಿ ಹಾರುವುದಿಲ್ಲ, ನಿಜ. ಆದರೆ ಕ್ಲಿಪ್ಪು ಲೋಹದ ಪೆಟ್ಟಿಗೆಗೆ ಸೇರಿದೆಯಲ್ಲವೆ? ಭೂಮಿಯ ತಂತಿ ಇಲ್ಲದಾಗ, ಕ್ಲಿಪ್ಪು ಕಚ್ಚಿಕೊಂಡ ಬಿಂದುವಿನ ವೋಲ್ಟೇಜು ಪೆಟ್ಟಿಗೆಗೂ ಅದರ ಹೊರಮೈಯ ಪ್ರತಿಯೊಂದು ಲೋಹದ ಭಾಗಕ್ಕೂ ಬರುತ್ತದೆ. ೨೩೦ ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರ ೩೨೫ ವೋಲ್ಟು. ಒಂದು ಕೈ ಪೆಟ್ಟಿಗೆಯ ಮೇಲೆ, ಇನ್ನೊಂದು ಕೈ ನೀರಿನ ನಲ್ಲಿಯ ಮೇಲಿದ್ದರೆ ಮಂಡಲವನ್ನು ಪೂರ್ಣಗೊಳಿಸುವುದು ನಮ್ಮ ಎದೆಯೇ. ಸುಮಾರು ೧ ಮಿಲಿಆಂಪಿಯರ್ ಪ್ರವಾಹ ನಮಗೆ ಜುಮ್ಮೆನ್ನಿಸುತ್ತದೆ. ೧೦ ಮಿಲಿಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದು ಹಿಡಿದ ಕೈಯನ್ನು ಬಿಡಲಾಗದಂತೆ ಆಗಬಹುದು. ಅದಕ್ಕೂ ಹಲವು ಪಟ್ಟು ಹೆಚ್ಚಾದರೆ ಹೃದಯದ ಮಿಡಿತವೇ ಕೆಡುತ್ತದೆ.

ಕ್ಲಿಪ್ಪನ್ನು ಎಲ್ಲಿಯೂ ಸಿಕ್ಕಿಸದಿದ್ದಾಗಲೂ ಬೆರಳು ಜುಮ್ಮೆಂದದ್ದೇಕೆ? ಇಂಥ ಉಪಕರಣಗಳೊಳಗೆ ವಿದ್ಯುತ್ ಗದ್ದಲವನ್ನು ಸೋಸಲು ಫೇಸಿನಿಂದ ಪೆಟ್ಟಿಗೆಗೆ ಒಂದು, ನ್ಯೂಟ್ರಲ್ಲಿನಿಂದ ಪೆಟ್ಟಿಗೆಗೆ ಒಂದು, ಹೀಗೆ ಸಮನಾದ ಎರಡು ಕೆಪ್ಯಾಸಿಟರುಗಳನ್ನು ಇಡುವುದುಂಟು. ಭೂಮಿಯ ತಂತಿ ಕಡಿದರೆ ಪೆಟ್ಟಿಗೆ ಇವೆರಡರ ನಡುವೆ ತೇಲುತ್ತ ೨೩೦ರ ಅರ್ಧ, ಎಂದರೆ ೧೧೫ ವೋಲ್ಟಿನಲ್ಲಿ ನಿಲ್ಲುತ್ತದೆ. ಮುಟ್ಟಿದಾಗ ಹರಿಯುವ ಪ್ರವಾಹ ಒಂದು ಮಿಲಿಆಂಪಿಯರಿಗಿಂತ ಸಾಕಷ್ಟು ಕಡಮೆಯೇ ಆದರೂ ಸವರುವ ಬೆರಳಿಗೆ ತಿಳಿಯಬಹುದು. ಅಷ್ಟರಿಂದಲೇ ಪ್ರಾಣಾಪಾಯವಿಲ್ಲ, ಆದರೆ ಕಾವಲುಗಾರನು ಸ್ಥಳದಲ್ಲಿಲ್ಲವೆಂಬ ಸುದ್ದಿಯನ್ನು ಅದು ಮುಂಚಿತವಾಗಿ ಹೇಳುತ್ತದೆ. ಆ ಮಾತನ್ನು ಅಲಕ್ಷಿಸಬಾರದು. ಆ ದಿನ ಹಸಿರು ತಂತಿಯನ್ನು ಮತ್ತೆ ಜೋಡಿಸಿ, ಪರೀಕ್ಷಿಸಿದ ಮೇಲೆಯೇ ಉಪಕರಣವನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟೆವು.

ಹಾಗಾದರೆ ಭೂಮಿಗೆ ಸೇರಿರದ ಎರಡು ಬಿಂದುಗಳ ನಡುವೆ ಅಳೆಯುವುದು ಹೇಗೆ? ಸರಿಯಾದ ದಾರಿಗಳು ಹಲವಿವೆ. ಆಸಿಲೋಸ್ಕೋಪಿನ ಎರಡು ಚಾನಲ್ಲುಗಳ ಮೊನೆಗಳನ್ನು ಎರಡು ಬಿಂದುಗಳಿಗೆ ಇಟ್ಟು, ಕ್ಲಿಪ್ಪುಗಳನ್ನು ಎಲ್ಲಿಯೂ ಸಿಕ್ಕಿಸದೆ, ಒಂದರಿಂದ ಇನ್ನೊಂದನ್ನು ಕಳೆಯುವಂತೆ ಮಾಡಬಹುದು. ವೋಲ್ಟೇಜು ಪ್ರೋಬಿನ ಮಿತಿಯೊಳಗಿರಬೇಕು. ಈ ಕೆಲಸಕ್ಕೆಂದೇ ಇರುವ ಡಿಫರೆನ್ಷಿಯಲ್ ಪ್ರೋಬನ್ನು ಬಳಸಬಹುದು. ಇಲ್ಲವೆ, ಪರೀಕ್ಷಿಸುವ ವಸ್ತುವಿಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರಿನ ಮೂಲಕ ವಿದ್ಯುತ್ತನ್ನು ಕೊಟ್ಟು ಅದನ್ನು ತೇಲಿಸಬಹುದು. ತೇಲಬೇಕಾದುದು ಪರೀಕ್ಷೆಗೆ ಒಳಗಾದ ವಸ್ತು, ಅಳೆಯುವ ಉಪಕರಣವಲ್ಲ. ಆಗಲೂ ಎಚ್ಚರ ತಪ್ಪುವಂತಿಲ್ಲ: ಎರಡು ತಂತಿಗಳನ್ನೂ ಒಟ್ಟಿಗೆ ಮುಟ್ಟಿದವನನ್ನು ೩೦ ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ತನ್ನು ಕಡಿಯುವ ಮನೆಯ ರಕ್ಷಣಾ ಸ್ವಿಚ್ಚೂ ಕಾಪಾಡಲಾರದು. ಭೂಮಿಗೆ ಸೋರಿಕೆಯೇ ಇಲ್ಲದಿರುವುದರಿಂದ ಅದಕ್ಕೆ ಏನೂ ತಿಳಿಯುವುದಿಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ

ಅಳತೆ ವಿಚಿತ್ರವಾಗಿ ಕಂಡಾಗ ಉಪಕರಣವನ್ನು ಬಯ್ಯುವ ಮೊದಲು ವಿದ್ಯುತ್ತನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಓಮ್ ಮೀಟರನ್ನು ಕೈಗೆತ್ತಿಕೊಳ್ಳಿ. ಕಪ್ಪಿಗೂ ಹಸಿರಿಗೂ ನಡುವೆ ಸೊನ್ನೆಯ ಹತ್ತಿರವಿದ್ದರೆ ಔಟ್‌ಪುಟ್ಟನ್ನು ಕಟ್ಟಿದೆ. ಲಕ್ಷಾಂತರ ಓಮ್ ಇದ್ದರೆ ತೇಲುತ್ತಿದೆ. ಆಸಿಲೋಸ್ಕೋಪಿನ ಕ್ಲಿಪ್ಪಿಗೂ ಪ್ಲಗ್ಗಿನ ದಪ್ಪ ಪಿನ್ನಿಗೂ ನಡುವೆ ರೋಧ ತೀರ ಕಡಮೆಯಿರಬೇಕು. ಇಲ್ಲದಿದ್ದರೆ ಅದನ್ನು ಬಳಸಕೂಡದು. ಮೇಜಿನ ಮೇಲಿರುವ ಉಪಕರಣಗಳಲ್ಲಿ ಯಾವುವು ಭೂಮಿಗೆ ಸೇರಿವೆ, ಯಾವುವು ತೇಲುತ್ತಿವೆ ಎಂದು ಮಂಡಲದ ಚಿತ್ರದಲ್ಲಿಯೇ ಗುರುತು ಹಾಕಿಕೊಳ್ಳಿ. ತೇಲುವ ಔಟ್‌ಪುಟ್ಟನ್ನು ಭೂಮಿಯಿಂದ ಎಷ್ಟು ವೋಲ್ಟಿನವರೆಗೆ ಏರಿಸಬಹುದೆಂಬ ಮಿತಿಯನ್ನು ತಯಾರಕರು ತಿಳಿಸಿರುತ್ತಾರೆ, ಅದನ್ನು ಮೀರಬೇಡಿ.

ನಮ್ಮ ವಿದ್ಯಾರ್ಥಿನಿ ಆ ದಿನ ತನ್ನ ಪುಸ್ತಕದ ಮೂರು ಅಂಕಿಗಳನ್ನೂ ಹೊಡೆದುಹಾಕಲು ಹೊರಟಿದ್ದಳು. ಬೇಡವೆಂದೆವು. ಅವು ತಪ್ಪು ಅಳತೆಗಳಲ್ಲ. ಸರಿಯಾಗಿ ಓದದ ಅಳತೆಗಳು. ಅವುಗಳ ಕೆಳಗೆ ಅವಳು ಒಂದು ಸಾಲನ್ನು ಬರೆದುಕೊಂಡಳು: “ಎಷ್ಟು ವೋಲ್ಟು ಎಂದು ಕೇಳುವ ಮೊದಲು, ಎಲ್ಲಿಂದ ಎಂದು ಕೇಳಬೇಕು.” ಪ್ರಯೋಗಶಾಲೆಗೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಸಾಲನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಆಶೆ.